ಎರಡು ಸಲ ಗರ್ಭ ಹೋಗಿದೆ. ಇಮ್ಯೂನ್ ಸೆಲ್‌ಗಳ ಮೆಟಬಾಲಿಸಂ ಸರಿಮಾಡೋಕೆ ಇಂಟ್ರಾಲಿಪಿಡ್ ಡ್ರಿಪ್ ಹಾಕಿಸಿಕೊಳ್ಳಲಾ, ಡಯಟ್ ಮಾಡಲಾ?

ಎರಡೂ ಬಿಡಿ. ಆಂಟಿಫಾಸ್ಫೋಲಿಪಿಡ್ ರಕ್ತಪರೀಕ್ಷೆ ಆಗಿದೆಯಾ? ಅದೂ ಎರಡು ಸಲ? ರಕ್ತ ಹೆಪ್ಪುಗಟ್ಟಿಸಿ ಗರ್ಭಕ್ಕೆ ತೊಂದರೆ ಮಾಡಬಲ್ಲ ಆಂಟಿಬಾಡಿಗಳನ್ನು ಹುಡುಕುವ ಪರೀಕ್ಷೆ ಅದು.

ನಾನು ಗಂಗಾವತಿಯವಳು. ನನಗೂ ಒಂದರ ಹಿಂದೆ ಒಂದು ಹೋದವು. ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತರು. ಓಣಿಯವರು ಪಪ್ಪಾಯಿ ತಿಂದಿರಬೇಕು ಅಂದರು. ನಾನು ನಿಮ್ಮ ಹಾಗೇ ಫೋನ್ ಹಿಡಿದು ಓದುತ್ತಾ ಕೂತೆ.

ಓದಿದ್ದು ಸುಳ್ಳೇನಲ್ಲ. ತಾಯಿಯ ದೇಹ ಮಗುವಿನ ಮೇಲೆ ತಿರುಗಿ ಬೀಳದಂತೆ ತಡೆಯುವ ಟಿ-ರೆಗ್ ಕೋಶಗಳು ಹೆಚ್ಚಾಗಿ ಕೊಬ್ಬು ಉರಿಸಿ ಬದುಕುತ್ತವೆ. ದಾಳಿಗೆ ಇಳಿಯುವ ಟಿ-ಕೋಶಗಳಿಗೆ ಗ್ಲೂಕೋಸ್ ಜಾಸ್ತಿ ಬೇಕು. ಆದರೆ ಇದಿನ್ನೂ ಲ್ಯಾಬಿನೊಳಗಿನ ಮಾತು. ಅದನ್ನು ಅಳೆದು ನಿಮಗೆ ಚೀಟಿ ಬರೆದುಕೊಡುವ ಹಂತಕ್ಕೆ ಬಂದಿಲ್ಲ. ಇಂಟ್ರಾಲಿಪಿಡ್ ಅಂದರೆ ಬಾಯಿಂದ ಉಣ್ಣಲಾಗದ ರೋಗಿಗಳಿಗೆ ಕೊಡುವ ಸೋಯಾ ಎಣ್ಣೆಯ ದ್ರವ. ಗರ್ಭ ಉಳಿಸುತ್ತದೆ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತ ಯುರೋಪಿನ ವೈದ್ಯರ ಸಂಘ ಎಶ್ರೆ ಹೇಳುತ್ತದೆ.

ನಾನು ಎಡವಿದ್ದು ಇಲ್ಲಿ. ಮೊದಲ ಆಂಟಿಫಾಸ್ಫೋಲಿಪಿಡ್ ರಿಪೋರ್ಟ್ ಪಾಸಿಟಿವ್ ಬಂದಿತ್ತು. 12 ವಾರ ಬಿಟ್ಟು ಮತ್ತೆ ಮಾಡಿಸಿ ಅಂದಿದ್ದರು ಡಾಕ್ಟರು. ಜ್ವರ, ಸೋಂಕು ಬಂದಾಗಲೂ ಈ ಆಂಟಿಬಾಡಿಗಳು ಕೆಲ ಕಾಲ ಏರಿ ಇಳಿಯಬಹುದು. ಅದಕ್ಕೇ ಒಂದು ರಿಪೋರ್ಟ್ ನಂಬಿ ಔಷಧ ಶುರು ಮಾಡಲ್ಲ. ನನಗೋ, ಮಾಡಿಸಿದ್ದನ್ನೇ ಮತ್ತೆ ಯಾಕೆ ಮಾಡಿಸಬೇಕು ಅನ್ನಿಸಿತು. ಆ ದುಡ್ಡು ತಗೊಂಡು ಹೋಗಿ ಎನ್‌ಕೆ ಅನ್ನೋ ಇಮ್ಯೂನ್ ಸೆಲ್ ಎಣಿಸುವ ಟೆಸ್ಟಿಗೆ ಸುರಿದೆ. ರಕ್ತದಲ್ಲಿರುವ ಎನ್‌ಕೆ ಕೋಶವೇ ಬೇರೆ, ಗರ್ಭಕೋಶದಲ್ಲಿದ್ದು ಮಾಸಿಗೆ ರಕ್ತನಾಳ ಹದ ಮಾಡುವ ಎನ್‌ಕೆ ಕೋಶವೇ ಬೇರೆ. ರಕ್ತದ್ದರ ಲೆಕ್ಕ ಹಾಕಿದರೆ ಗರ್ಭಕೋಶದ್ದರ ಸುದ್ದಿ ಗೊತ್ತಾಗಲ್ಲ. ಅಷ್ಟರಲ್ಲಿ ಮತ್ತೆ ಬಸಿರಾದೆ. ಔಷಧ ಇಲ್ಲ, ಅದೂ ಹೋಯ್ತು.

ಆಮೇಲೆ ಮಾಡಿಸಿದ್ದೂ ಪಾಸಿಟಿವ್. ಮುಂದಿನ ಬಸಿರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಮಾತ್ರೆ, ಹೊಟ್ಟೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೂಜಿ. ಮಗಳು ಈಗ ಅಂಗನವಾಡಿಗೆ ಹೋಗ್ತಾಳೆ. ಎಲ್ಲರದ್ದೂ ಇದೇ ಕಾರಣ ಅಂತಲ್ಲ. ಇದಲ್ಲದಿದ್ದರೆ ಈ ಔಷಧ ಸುಮ್ನೆ ತಗೋಬೇಡಿ.

ಎರಡು ಸಲ ಹೋದರೆ ತಪಾಸಣೆ ಶುರು ಮಾಡಬಹುದು ಅಂತ ಎಶ್ರೆಯೇ ಹೇಳುತ್ತದೆ, ಮೂರನೆಯದಕ್ಕೆ ಕಾಯಿರಿ ಅಂದರೆ ಒಪ್ಪಬೇಡಿ. ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್, ಆಂಟಿಫಾಸ್ಫೋಲಿಪಿಡ್ ಪರೀಕ್ಷೆಯ ಈ ಮೂರನ್ನೂ ಬರೆಸಿ. ಥೈರಾಯ್ಡ್, ಗರ್ಭಕೋಶದ ಸ್ಕ್ಯಾನ್ ಕೂಡ. ಗಂಗಾವತಿ, ಕೊಪ್ಪಳದಲ್ಲಿ ರಕ್ತ ಕೊಟ್ಟರೆ ಸ್ಯಾಂಪಲ್ ಹೊರಗೆ ಕಳಿಸುತ್ತಾರೆ, ಅದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಮೊದಲನೆಯದು ಪಾಸಿಟಿವ್ ಬಂದರೆ, ಎರಡನೇ ಟೆಸ್ಟಿನ ತಾರೀಕು ಮಾತ್ರ ಅವತ್ತೇ ಗಂಡನ ಫೋನಿನಲ್ಲೂ ಹಾಕಿಸಿಡಿ.