ಪಾಪರ್ ಅರ್ಜಿ ಹಾಕಿದವರಿಗೆ ಸರ್ಕಾರದ ದುಡ್ಡಿನಲ್ಲಿ ವಕೀಲರು ಯಾಕೆ?

ಪ್ರಶ್ನೆ: ಮೇಡಂ, ನನ್ನದು ಗೊಬ್ಬರದ ಅಂಗಡಿ. ಕಾಫಿ ಕೊಯ್ಲು ಮುಗಿದ ಮೇಲೆ ಕೊಡುತ್ತೇನೆ ಎಂದು ಒಬ್ಬರು ಎರಡು ವರ್ಷ ಗೊಬ್ಬರ ಒಯ್ದರು. 84,000 ರೂಪಾಯಿ ಬಾಕಿ. ಈಗ ಮಡಿಕೇರಿ ಕೋರ್ಟಿನಲ್ಲಿ ಪಾಪರ್ ಅರ್ಜಿ, ಅಂದರೆ ಸಾಲ ತೀರಿಸಲಾಗದು, ದಿವಾಳಿ ಎಂದು ಘೋಷಿಸಿ ಎಂಬ ಅರ್ಜಿ ಹಾಕಿದ್ದಾರೆ. ಅವರಿಗೆ ಉಚಿತ ವಕೀಲರು. ನಾನು ಮಾತ್ರ ಜೇಬಿನಿಂದ ಫೀಸು ಕೊಡಬೇಕು. ಸಾಲ ಮುಳುಗಿಸುವವರಿಗೆ ನಮ್ಮ ತೆರಿಗೆ ಹಣ ಖರ್ಚು ಮಾಡುವುದು ಸರಿಯಾ?
– ಓದುಗರು, ಸುಂಟಿಕೊಪ್ಪ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸಣ್ಣ ಅಂಗಡಿಗೆ 84,000 ದೊಡ್ಡ ಹೊಡೆತ. ಆದರೂ ಆ ವಕೀಲರ ಫೀಸಿನಿಂದ ನಿಮಗೂ ಉಪಯೋಗವಿದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆಯ ಒಬ್ಬ ಮಹಿಳೆ ಎರಡು ಎಕರೆ ಕಾಫಿ ಕಳೆದುಕೊಂಡರು. ತೋಟ ಹೋಯಿತು, ಸಾಲ ಉಳಿಯಿತು. ನನ್ನ ಹತ್ತಿರ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ನೋಟಿಸುಗಳು, ಚಿನ್ನ ಅಡವಿಟ್ಟ ಚೀಟಿ, ಸಂಘದ ಪಾಸ್‌ಬುಕ್. ಅವರೇ ಟೈಪ್ ಮಾಡಿಸಿಕೊಂಡು ಬಂದಿದ್ದ ಅರ್ಜಿಯಲ್ಲಿ ಸಾಲ ಕೊಟ್ಟ ಮೂವರ ಹೆಸರಿತ್ತು. ಚೀಲ ಸುರಿದು ಎಣಿಸಿದರೆ ಏಳು ಜನ! ಉಳಿದ ನಾಲ್ವರನ್ನು ಅವರು ಬೇಕೆಂದು ಮುಚ್ಚಿಟ್ಟಿರಲಿಲ್ಲ. ಎಲ್ಲರನ್ನೂ ಬರೆಯಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ದಿನ ಕೂತು ಪಟ್ಟಿ ಸರಿ ಮಾಡಿದೆವು. ಬಿಟ್ಟುಹೋಗಿದ್ದ ನಾಲ್ವರಲ್ಲಿ ಒಬ್ಬರು ನಿಮ್ಮ ಹಾಗೇ ಅಂಗಡಿಯವರು.

ಸರ್ಕಾರ ದುಡ್ಡು ಕೊಡುವುದು ಈ ಕೆಲಸಕ್ಕೆ. ಅದರಿಂದ ಯಾರ ಸಾಲವೂ ತೀರುವುದಿಲ್ಲ. ಸಾಮಾನ್ಯ ಜನರ ದಿವಾಳಿ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲೇ ನಡೆಯುತ್ತದೆ. 2016ರ ಹೊಸ ದಿವಾಳಿ ಕಾನೂನಿನಲ್ಲಿ ವ್ಯಕ್ತಿಗಳ ದಿವಾಳಿಯ ಭಾಗ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಗಿದೆ. ಹಳೆ ಕಾಯ್ದೆಯಲ್ಲಿ ಅರ್ಜಿದಾರರು ಎಲ್ಲ ಸಾಲ, ಎಲ್ಲ ಆಸ್ತಿ ಬರೆದು ಕೊಡಬೇಕು. ದಿವಾಳಿ ಎಂದು ಆದೇಶವಾದರೆ, ರೈತರ ವಾಸದ ಮನೆ, ಬೇಸಾಯದ ಸಾಮಾನಿನಂಥವು ಬಿಟ್ಟು ಉಳಿದ ಆಸ್ತಿ ಕೋರ್ಟು ಇಲ್ಲವೇ ಅದು ನೇಮಿಸಿದ ರಿಸೀವರ್ (ಆಸ್ತಿ ನೋಡಿಕೊಳ್ಳುವವರು) ಕೈಗೆ ಹೋಗುತ್ತದೆ. ಅದರಿಂದ ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚುತ್ತಾರೆ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಭಾವನ ಹೆಸರಿಗೆ ಸುಮ್ನೆ ಬರೆದುಕೊಟ್ಟ ಜಾಗವಿದ್ದರೆ ಅದನ್ನೂ ರದ್ದು ಮಾಡಿಸಬಹುದು. ವಂಚಿಸಲೆಂದು ಆಸ್ತಿ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಪಟ್ಟಿ ಸರಿಯಿದ್ದರೆ ತಾನೇ ಇದೆಲ್ಲ ನಡೆಯುವುದು?

ಹಣ ಕೊಡಬೇಕೆಂಬ ಕೋರ್ಟಿನ ಡಿಕ್ರಿ (ತೀರ್ಪು) ತಂದು ಜೈಲಿಗೆ ಹಾಕಿಸುತ್ತೇನೆ ಎನ್ನುವವರೂ ಇದ್ದಾರೆ. ಕೈಯಲ್ಲಿ ಇಲ್ಲದವರನ್ನು ಬಡತನದ ಕಾರಣಕ್ಕೇ ಜೈಲಿಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಾಕಿಸಿದರೂ ಅಲ್ಲಿ ಅವರ ಊಟದ ಖರ್ಚು ನೀವೇ ಕಟ್ಟಬೇಕು.

ಉಚಿತ ವಕೀಲರು ಯಾರಿಗೆ ಸಿಗುತ್ತಾರೆ ಎಂಬುದು 1987ರ ಕಾನೂನು ಸೇವಾ ಕಾಯ್ದೆಯಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಪ್ರವಾಹದಂಥ ವಿಕೋಪಕ್ಕೆ ಸಿಕ್ಕವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಇದೆ. ಆ ಮಿತಿಯೊಳಗೆ ಬಂದರೆ ನಿಮಗೂ ಸಿಗುತ್ತಾರೆ. ಸಾಲ ಕೊಟ್ಟವರಿಗೆ ಇಲ್ಲ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನನ್ನನ್ನು ಕೇಳಿದರೆ, ಈ ಖರ್ಚು ಇನ್ನೂ ಜಾಸ್ತಿಯಾಗಬೇಕು. ಕ್ರಿಮಿನಲ್ ಕೇಸು, ಜೀವನಾಂಶದ ಕೇಸು ನಡೆಸುವ ಪ್ಯಾನಲ್ ವಕೀಲರು (ಉಚಿತ ಸೇವೆಯ ಪಟ್ಟಿಯಲ್ಲಿರುವವರು) ಬೇಕಾದಷ್ಟು ಜನ ಸಿಗುತ್ತಾರೆ. ಪಾಪರ್ ಅರ್ಜಿ ಬರೆದು ಅಭ್ಯಾಸ ಇರುವವರನ್ನು ಹುಡುಕಬೇಕು. ತಾಲ್ಲೂಕಿಗೆ ಒಬ್ಬರಿಗಾದರೂ ತರಬೇತಿ ಕೊಟ್ಟು ಸರಿಯಾದ ಫೀಸು ಕೊಡಲಿ. ಎರಡು ದಿನ ಕೂತು ಚೀಲ ಎಣಿಸುವ ಕೆಲಸ ಪುಡಿಗಾಸಿಗೆ ಆಗುವುದಿಲ್ಲ.

ನೀವು ಈಗ ವಿಚಾರಣೆಯ ದಿನ ತಪ್ಪಿಸಬೇಡಿ. ಬಾಕಿ ಪುಸ್ತಕ, ಅವರು ಸಹಿ ಹಾಕಿದ ಬಿಲ್ಲುಗಳನ್ನು ತೆಗೆದುಕೊಂಡು ಹೋಗಿ. ಪಟ್ಟಿಯಲ್ಲಿ ನಿಮ್ಮ ಹೆಸರು, 84,000 ಸರಿಯಾಗಿ ಇದೆಯಾ ನೋಡಿ. ಇಲ್ಲದಿದ್ದರೆ ಸಾಲ ರುಜುವಾತು ಮಾಡಿ ಸೇರಿಸಿಕೊಳ್ಳಲು ಅರ್ಜಿ ಕೊಡಿ. ಕೋರ್ಟು ಅವರನ್ನು ದಿವಾಳಿತನದಿಂದ ಬಿಡುಗಡೆ ಮಾಡಿ ಆದೇಶ ಕೊಡುವವರೆಗೆ ಅದಕ್ಕೆ ಅವಕಾಶವಿದೆ.