ಬೀಥೋವನ್ ಟ್ಯೂನ್ ಬರೆದವರು ಯಾರ್ರೀ?

ಪ್ರಶ್ನೆ: ಮಗನ ಜೊತೆ ‘ಡಾಕ್ಟರ್ ಹೂ’ ನೋಡಿದೆ. ಬೀಥೋವನ್‌ನ ಐದನೇ ಸಿಂಫನಿ, ಅಂದರೆ ಆ ದೊಡ್ಡ ವಾದ್ಯಮೇಳದ ಕೃತಿ, ಬೀಥೋವನ್ ಬರೆದದ್ದೇ ಅಲ್ಲ ಅನ್ನೋ ಹಾಗೆ ಏನೋ ಹೇಳಿದರು. ತಲೆ ತಿರುಗಿತು. ಏನಿದು? – ಟಿಳಕವಾಡಿ, ಬೆಳಗಾವಿ

ಉತ್ತರ: ನೀವು ನೋಡಿದ್ದು ಕಾಲಯಾತ್ರೆ ಮಾಡುವ ಡಾಕ್ಟರ್‌ನ ಆ ಬ್ರಿಟಿಷ್ ಸೀರಿಯಲ್‌ನ 2015ರ ಕಂತು. ಡಾಕ್ಟರ್ ಪಾತ್ರದ ನಟ ಪೀಟರ್ ಕಪಾಲ್ಡಿ ನೇರ ಕ್ಯಾಮೆರಾ ಕಡೆ ತಿರುಗಿ ಕಥೆ ಹೇಳುತ್ತಾರೆ. ಜರ್ಮನ್ ಸಂಗೀತಗಾರ ಬೀಥೋವನ್ ಮೇಲೆ ಹುಚ್ಚು ಅಭಿಮಾನ ಇದ್ದ ಒಬ್ಬ ಕಾಲಯಾತ್ರಿಕ ಸಹಿ ಹಾಕಿಸಿಕೊಳ್ಳಲು ಅವನ ಸ್ವರಲಿಪಿಗಳನ್ನೆಲ್ಲ ಹೊತ್ತುಕೊಂಡು ಹಳೇ ಜರ್ಮನಿಗೆ ಹೋಗುತ್ತಾನೆ. ಅಲ್ಲಿ ಬೀಥೋವನ್ನೇ ಇಲ್ಲ! ಈ ಸಂಗೀತವಿಲ್ಲದ ಲೋಕ ಬೇಡವೇ ಬೇಡ ಅಂತ ಇವನೇ ಎಲ್ಲವನ್ನೂ ನಕಲು ಮಾಡಿ ಅಚ್ಚು ಹಾಕಿಸುತ್ತಾನೆ. ಅಲ್ಲಿಗೆ ಇವನೇ ಬೀಥೋವನ್ ಆದ. ಸರಿ, ಟ್ಯೂನ್ ಹುಟ್ಟಿದ್ದು ಯಾರ ತಲೆಯಲ್ಲಿ? ಕಥೆ ಮುಗಿಸಿ ಕಪಾಲ್ಡಿ ಗಿಟಾರ್ ಎತ್ತಿಕೊಂಡು ಅದೇ ಐದನೇ ಸಿಂಫನಿಯ ಶುರುವನ್ನು ಡ-ಡ-ಡ-ಡಾಂ ಅಂತ ಬಾರಿಸುತ್ತಾರೆ.

ನಮ್ಮ ಕುಂದಾ ಲೆಕ್ಕದಲ್ಲಿ ಹೇಳ್ತೀನಿ. ಮುತ್ತಜ್ಜಿಯ ಚೀಟಿ ನೋಡಿ ನೀವು ಕುಂದಾ ಕಲಿತಿರಿ. ಹಿಂದಕ್ಕೆ ಹೋಗಿ ನೋಡಿದರೆ ಮುತ್ತಜ್ಜಿಗೆ ಕುಂದಾ ಅಂದರೇನು ಅಂತಲೇ ಗೊತ್ತಿಲ್ಲ. ನೀವೇ ಹೇಳಿಕೊಟ್ಟಿರಿ, ಅವರು ಚೀಟಿ ಬರೆದಿಟ್ಟರು, ಅದೇ ಚೀಟಿ ಮುಂದೆ ನಿಮ್ಮ ಕೈಗೆ ಬಂತು. ಹಾಗಾದರೆ ಕುಂದಾ ಕಂಡುಹಿಡಿದವರು ಯಾರು? ಯಾರೂ ಅಲ್ಲ, ಅಲ್ವಾ? ಇದಕ್ಕೇ ಬೂಟ್‌ಸ್ಟ್ರ್ಯಾಪ್ ಪ್ಯಾರಡಾಕ್ಸ್ ಅನ್ನುತ್ತಾರೆ.

ಕಥೆ ಚೆನ್ನಾಗಿದೆ. ಆದರೆ ನನಗೆ ಒಂದು ತಕರಾರಿದೆ. ನಿಜವಾದ ಬೀಥೋವನ್‌ನ ಕರಡು ಪುಸ್ತಕಗಳು ಇವತ್ತಿಗೂ ಉಳಿದಿವೆ. 1804ರ ಸುಮಾರಿಗೆ ಈ ಸಿಂಫನಿ ಶುರು ಮಾಡಿದವನು ಗೀಚಿದ, ಹೊಡೆದು ಹಾಕಿದ, ಮತ್ತೆ ಬರೆದ. ಮುಗಿಯುವಷ್ಟರಲ್ಲಿ 1808 ಬಂತು. ಆ ವರ್ಷ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದಾಗ ಜನ ಕೊರೆಯುವ ಚಳಿಯಲ್ಲಿ ನಾಲ್ಕು ತಾಸು ಕೂತಿದ್ದರಂತೆ. ನಕಲು ಹೊಡೆಯುವವನು ಇಷ್ಟೊಂದು ಚಿತ್ತು ಮಾಡ್ತಾನಾ? ಪರೀಕ್ಷೆ ಹಾಲ್‌ನಲ್ಲಿ ನಿಂತ ಯಾವ ಮಾಸ್ತರರನ್ನಾದರೂ ಕೇಳಿ.

ಪ್ರಶ್ನೆ: ಬಾಹ್ಯಾಕಾಶದ ಸೀರಿಯಲ್‌ಗಳಲ್ಲಿ ಯಾಕೆ ಇಷ್ಟು ಹಳೇ ಸಂಗೀತ? ದುಡ್ಡು ಉಳಿಸೋಕಾ? – ಜಮಖಂಡಿ

ಉತ್ತರ: ಅದೂ ಒಂದು ಕಾರಣ. ಬೀಥೋವನ್ ಸತ್ತದ್ದು 1827ರಲ್ಲಿ, ಕೃತಿಯ ಹಕ್ಕು ಯಾರಿಗೂ ಇಲ್ಲ. ಆದರೆ ಇವತ್ತಿನವರು ನುಡಿಸಿದ ರೆಕಾರ್ಡಿಂಗ್‌ಗೆ ಹಕ್ಕು ಬೇರೆ ಇರುತ್ತದೆ. ರೀಲ್ಸ್ ಮಾಡುವವರು ಹುಷಾರು!

ದುಡ್ಡಿನದ್ದೇ ಮಾತಲ್ಲ ಬಿಡಿ. ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದಲ್ಲಿ ನಮ್ಮ ಕಾಲದ ಅಮೆರಿಕನ್ ಸಂಗೀತಕಾರ ಫಿಲಿಪ್ ಗ್ಲಾಸ್ ಅವರ ಪಿಯಾನೋ ಸಂಗೀತ ಬರುತ್ತದೆ. ಊರೆಲ್ಲ ಹಾಳಾದ ಮೇಲೆ ನಾಯಕಿ ತನ್ನ ಹಳೇ ಮನೆಗೆ ಹೋಗಿ ಅದನ್ನು ಹಾಕುತ್ತಾಳೆ, ನುಡಿಸಿದ್ದು ನಮ್ಮಪ್ಪ ಅನ್ನುತ್ತಾಳೆ. ಅಲ್ಲಿ ಬೇರೆ ಯಾವ ಹಿನ್ನೆಲೆ ಸಂಗೀತ ಹಾಕಿದ್ದರೂ ಸಪ್ಪೆ ಆಗುತ್ತಿತ್ತು.

ಪ್ರಶ್ನೆ: ನಮ್ಮ ಸಂಗೀತಕ್ಕೆ ಅಂಥ ಯೋಗ ಇಲ್ವಾ? – ವಿಜಯಪುರ

ಉತ್ತರ: ಸೀರಿಯಲ್ ಯಾಕ್ರೀ, ನಿಜವಾಗಿಯೇ ಹೋಗಿದೆ. 1977ರಲ್ಲಿ ಅಮೆರಿಕದ ನಾಸಾ ಹಾರಿಸಿದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ಒಂದು ಚಿನ್ನದ ಲೇಪದ ಹಾಡಿನ ತಟ್ಟೆ ಕಟ್ಟಿ ಕಳಿಸಿದರು. ಅದರಲ್ಲಿ ಇದೇ ಐದನೇ ಸಿಂಫನಿಯ ಮೊದಲ ಭಾಗ ಇದೆ. ಜೊತೆಗೆ ಗೋವಾದ ಕೇಸರಬಾಯಿ ಕೇರ್ಕರ್ ಹಾಡಿದ ‘ಜಾತ್ ಕಹಾ ಹೋ’ ಇದೆ, ಸುಮಾರು ಮೂರೂವರೆ ನಿಮಿಷ. ವಾಯೇಜರ್-1 ಈಗ ಭೂಮಿಯಿಂದ 2,400 ಕೋಟಿ ಕಿಲೋಮೀಟರ್ ದಾಟಿದೆ. ಕೇಸರಬಾಯಿ ಹಾಡಿದ ಆ ರಾಗ ಭೈರವಿ. ನಾವು ಮೈಫಲ್ ಮುಗಿಸುವಾಗ ಹಾಡುವ ರಾಗವನ್ನು ಅವರು ಹೊರಡುವಾಗಲೇ ಕಟ್ಟಿ ಕಳಿಸಿದ್ದಾರೆ ನೋಡಿ.