ಮೂಲೆಯಲ್ಲಿಟ್ಟ ಡಬ್ಬಿ

ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಯಾವ ದೇಶ, ಯಾವ ಹಬ್ಬ ಎನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ.

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಒಬ್ಬ ಮಹಿಳೆಯ ಮಾತಿದು. ಅವರಿಗೆ 36 ವರ್ಷ. ಹುಟ್ಟಿದ ದೇಶ ಬಿಟ್ಟು 9 ವರ್ಷವಾಗಿದೆ. ಗಂಡನ ಮನೆಯವರು ಈಗಿರುವ ದೇಶದವರೇ. ವರ್ಷಕ್ಕೊಮ್ಮೆ ಅತ್ತೆ ಮನೆಯಲ್ಲಿ ಹಬ್ಬದೂಟ. ಒಬ್ಬೊಬ್ಬರೂ ಒಂದೊಂದು ಅಡುಗೆ ಮಾಡಿ ತರಬೇಕು. ಇವರು ಒಯ್ಯುವುದು ತಾಯಿ ಮಾಡುತ್ತಿದ್ದ ತಿಂಡಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿಗೆ ಹೂರಣ ತುಂಬಿ, ಅಂಚನ್ನು ನೆರಿಗೆಯಾಗಿ ಮಡಚಿ ಹಬೆಯಲ್ಲಿ ಬೇಯಿಸುವುದು. 40 ಮಾಡಲು ಅರ್ಧ ದಿನ ಬೇಕು.

"ಮೇಡಂ, ಕಳೆದ ಸಲ 32 ವಾಪಸ್ ಬಂದವು. ರಾತ್ರಿ ಕಸದ ಬುಟ್ಟಿಗೆ ಸುರಿಯುವಾಗ ಅಮ್ಮನನ್ನೇ ಎಸೆದ ಹಾಗಾಯ್ತು," ಎಂದು ಅತ್ತರು. ತಾಯಿ ತೀರಿಕೊಂಡು ಆಗ ಏಳು ತಿಂಗಳಾಗಿತ್ತಷ್ಟೇ. ಗಂಡ, "ಸುಮ್ನೆ ಯಾಕೆ ಇಷ್ಟು ಕಷ್ಟಪಡ್ತೀಯ, ಅಂಗಡಿಯಿಂದ ಏನಾದ್ರೂ ತಗೊಂಡು ಹೋಗೋಣ" ಅಂದಿದ್ದರಂತೆ. ಅವರದ್ದು ಕಾಳಜಿಯ ಮಾತೇ. ಇವರ ಕಿವಿಗೆ ಬಿದ್ದದ್ದು ಮಾತ್ರ 'ನಿನ್ನದು ಇಲ್ಲಿ ಯಾರಿಗೂ ಬೇಡ' ಅಂತ.

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಆ ದಿನ ನಡೆದದ್ದನ್ನು ನಿಧಾನವಾಗಿ ಕೇಳಿದೆ. ಡಬ್ಬಿಯನ್ನು ಎಲ್ಲಿಟ್ಟಿರಿ? ಮೇಜಿನ ಮೂಲೆಯಲ್ಲಿ. ಇಟ್ಟ ಮೇಲೆ? ಒಳಗೆ ಹೋಗಿ ಪಾತ್ರೆ ತೊಳೆಯುತ್ತಾ ನಿಂತೆ. ಅದರ ಹೆಸರೇನು, ಒಳಗೇನಿದೆ, ಯಾವುದರ ಜೊತೆ ತಿನ್ನಬೇಕು ಅಂತ ಹೇಳಿದಿರಾ? ಇಲ್ಲ. ಯಾರೂ ಕೇಳಲಿಲ್ಲವಲ್ಲ.

ಹೇಳಿದರೆ ಎಲ್ಲಿ ಬೇಡ ಅಂತಾರೋ ಎಂಬ ಹೆದರಿಕೆ. ಹಾಗಾಗಿ ತಿಂಡಿಯನ್ನು ಇಟ್ಟು ಓಡಿಹೋಗುತ್ತಿದ್ದರು, ಪಾಪ. ಪರೀಕ್ಷೆ ಬರೆದವರು ಫಲಿತಾಂಶ ನೋಡಲು ಹೆದರುವ ಹಾಗೆ. ದೂರದೇಶದಲ್ಲಿ ಸಂಸಾರ ಮಾಡಿದ ಎಷ್ಟೋ ಜನರಲ್ಲಿ ನಾನು ಇದನ್ನು ನೋಡಿದ್ದೇನೆ.

ಮನೆಗೆ ಹೋಗಿ ನಾದಿನಿಯನ್ನು ಒಂದು ಮಾತು ಕೇಳಿ ಬನ್ನಿ ಎಂದೆ. ಮುಂದಿನ ಭೇಟಿಗೆ ಬಂದಾಗ ಮುಖವೇ ಬೇರೆಯಿತ್ತು. ನಾದಿನಿಯ ಮಗನಿಗೆ ಎಳ್ಳು ಅಲರ್ಜಿ. ಒಳಗೇನಿದೆ ಗೊತ್ತಿಲ್ಲದ ತಿಂಡಿಯನ್ನು ಆ ಮನೆಯವರು ಮುಟ್ಟುವುದೇ ಇಲ್ಲ! ನಾಲ್ಕು ಜನ ಕೈ ಹಾಕದಿರಲು ಅಷ್ಟೇ ಕಾರಣ. ಅತ್ತೆ ಒಂದು ತಿಂದಿದ್ದರು. ಗಟ್ಟಿ ಅನ್ನಿಸಿತಂತೆ. ಅದೂ ನಿಜವೇ. ಬೇಯಿಸಿದ ಹಿಟ್ಟು ಆರಿದರೆ ಬಿರುಸಾಗುತ್ತದೆ, ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ. ಇವರು ಹಿಂದಿನ ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಡುತ್ತಿದ್ದರು.

ನಾನು ಕೊಟ್ಟ ಸಲಹೆ ಇದು. ಹಬ್ಬದ ಹಿಂದಿನ ದಿನ ಅತ್ತೆಯನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ನೆರಿಗೆ ಸೊಟ್ಟಗಾದರೆ ತಿದ್ದಬೇಡಿ. ತಾನು ಮಡಚಿದ್ದನ್ನು ತಿನ್ನಲು ಜನಕ್ಕೆ ಆಸೆಯಿರುತ್ತದೆ. ಊಟಕ್ಕೆ ಮೊದಲು ಅಲ್ಲೇ ಇನ್ನೊಮ್ಮೆ ಹಬೆ ಕೊಡಿ. ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಒಳಗೇನಿದೆ ಅಂತ ಒಂದು ಚೀಟಿ ಬರೆದಿಡಿ. 40 ಬೇಡ, 15 ಸಾಕು. ಮುಖ್ಯವಾಗಿ, ನೀವು ಮೇಜಿನ ಹತ್ತಿರವೇ ಇರಿ. ಇದು ಅಮ್ಮನದು ಅಂತ ಒಂದು ಮಾತು ಹೇಳಿ, ಅಷ್ಟು ಸಾಕು. ಮಕ್ಕಳು ಉಗುಳಿದರೆ ನೊಂದುಕೊಳ್ಳಬೇಡಿ. ಹೊಸ ರುಚಿ ಒಗ್ಗಲು ಎಷ್ಟೋ ಮಕ್ಕಳಿಗೆ 8ರಿಂದ 15 ಸಲವಾದರೂ ತಿಂದು ನೋಡಬೇಕಾಗುತ್ತದೆ.

ಇನ್ನೊಂದು ಕೊರಗಿತ್ತು. "ಏನು ಮಾಡಿದರೂ ಅಮ್ಮನ ರುಚಿ ಬರಲ್ಲ." ತಾಯಿ ಏನನ್ನೂ ಬರೆದಿಟ್ಟಿರಲಿಲ್ಲ, ಎಲ್ಲ ಕೈಯಳತೆ. ಊರಲ್ಲಿರುವ ಚಿಕ್ಕಮ್ಮನಿಗೆ ವಿಡಿಯೋ ಕರೆ ಮಾಡಿ, ಒಂದು ಹಿಡಿ ಅಂದಾಗಲೆಲ್ಲ ತಕ್ಕಡಿಯಲ್ಲಿ ತೂಗಿಸಿ ಎಂದೆ. ಚಿಕ್ಕಮ್ಮನ ಹಿಡಿ 42 ಗ್ರಾಂ. ಇವರದು 30! ಹಿಟ್ಟಿನದೂ ಒಂದು ಪಾಲಿದೆ. ಒಂದೇ ಹೆಸರಿನ ಹಿಟ್ಟು ದೇಶದಿಂದ ದೇಶಕ್ಕೆ ಬೇರೆ, ಅದು ಹೀರುವ ನೀರೂ ಬೇರೆ. ಅಷ್ಟಾದರೂ ರುಚಿ ಪೂರ್ತಿ ಅದೇ ಆಗುತ್ತದೆ ಅಂತ ನಾನು ಮಾತು ಕೊಡಲಿಲ್ಲ. ಸುಳ್ಳು ಹೇಳಿದ ಹಾಗಾಗುತ್ತಿತ್ತು, ಅಲ್ವಾ?

ಹಬ್ಬ ಮುಗಿದ ವಾರ ಬಂದರು. ಎಳ್ಳಿಲ್ಲದೆ ಬೇರೆಯಾಗಿ ನಾಲ್ಕು ಮಾಡಿದ್ದರಂತೆ. ನಾದಿನಿಯ ಮಗ ಹೂರಣ ಬಿಟ್ಟು ಹೊರಗಿನ ಹಿಟ್ಟನ್ನಷ್ಟೇ ತಿಂದ. ಮಾವ ಬೇಡ ಅಂದರು. ಅತ್ತೆ ತಾವು ಮಡಚಿದ ಸೊಟ್ಟ ನೆರಿಗೆಯದನ್ನೇ ಹುಡುಕಿ ತಿಂದರು. ಮೂರು ಉಳಿದವು.

"ಆದರೂ ವಾಪಸ್ ಬರುವಾಗ ಕಾರಲ್ಲಿ ಅತ್ತುಬಿಟ್ಟೆ ಮೇಡಂ. ಇದನ್ನೆಲ್ಲ ಅಮ್ಮನಿಗೆ ಹೇಳಬೇಕು ಅನ್ನಿಸಿ ಫೋನ್ ಕೈಗೆತ್ತಿಕೊಂಡಿದ್ದೆ."

ತಿಂಡಿಯ ಮಾತು ಅಲ್ಲಿಗೆ ಬಿಟ್ಟೆವು. ತಾಯಿಯ ಕೊನೆಯ ದಿನಗಳಲ್ಲಿ ಹತ್ತಿರ ಇರಲಾಗಲಿಲ್ಲ ಎನ್ನುವುದನ್ನು ಅವರು ಮೊದಲ ಸಲ ಹೇಳಿದ್ದು ಆವತ್ತು. ಇನ್ನೂ ನಾಲ್ಕು ಭೇಟಿ ಇಟ್ಟುಕೊಂಡಿದ್ದೇವೆ.